ದಿನಕ್ಕೆ ಮೂರು ಗಂಟೆ ಸ್ಟೀರಿಂಗ್: ಐಸ್‌ಲ್ಯಾಂಡ್ ಪ್ರವಾಸಕ್ಕೆ ಅಪ್ಪ ಹಾಕಿಕೊಟ್ಟ ಲೆಕ್ಕ

ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿಯುತ್ತಿದ್ದಂತೆ ಬ್ರಿಟನ್ನಿನ ಕನ್ನಡ ಕುಟುಂಬಗಳಲ್ಲಿ ಬೇಸಿಗೆ ರಜೆಯ ಮಾತು ಶುರುವಾಗುತ್ತದೆ. ಮಕ್ಕಳಿಗೆ ಜುಲೈ ಕೊನೆಯಿಂದ ಆರು ವಾರ ರಜೆ. ಊರಿನಿಂದ ಅಪ್ಪ-ಅಮ್ಮ ಬರುವುದೂ ಆಗಲೇ. ಲಂಡನ್ ತೋರಿಸಿ ಆಯಿತು, ಸ್ಕಾಟ್‌ಲೆಂಡ್ ಆಯಿತು, ಪ್ಯಾರಿಸ್, ಸ್ವಿಟ್ಜರ್ಲೆಂಡ್ ಕೂಡ ಒಂದು ಸುತ್ತು ಆಯಿತು. ಈ ಸಲ ಎಲ್ಲಿಗೆ? ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ನಮ್ಮ ಬಳಗದಲ್ಲಿ ಮತ್ತೆ ಮತ್ತೆ ಕೇಳಿಬರುವ ಉತ್ತರ ಐಸ್‌ಲ್ಯಾಂಡ್. ಲಂಡನ್ನಿನಿಂದ ಮೂರು ಗಂಟೆಯ ವಿಮಾನ. ಅಲ್ಲಿ ಇಳಿದ ಮೇಲೆ ರೈಲು ಎಂಬುದೇ ಇಲ್ಲ. ಕಾರು ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ಹೋಗಬೇಕು.

2024ರ ಜುಲೈ ಕೊನೆಯಲ್ಲಿ ನಾವು ಆರು ಜನ ಹೋಗಿ ಬಂದೆವು. ನಾವಿಬ್ಬರು, ಹದಿಮೂರು ವರ್ಷದ ಮಗಳು, ಒಂಬತ್ತರ ಮಗ, ಹಾಸನದಿಂದ ಬಂದ ಅಪ್ಪ ಮತ್ತು ಅಮ್ಮ. ಅಪ್ಪನಿಗೆ 73, ಅಮ್ಮನಿಗೆ 68. ಅಮ್ಮನ ಮಂಡಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿದೆ. ಇಷ್ಟು ದೂರದ ಪ್ರಯಾಣ ಇನ್ನೊಂದು ಸಲ ಅವರಿಂದ ಆಗುತ್ತದೆಂದು ಹೇಳುವ ಧೈರ್ಯ ನಮಗಿರಲಿಲ್ಲ. ಹಾಗಾಗಿ ಈ ಪ್ರವಾಸದ ಯೋಜನೆ ನಮಗೆ ಬರೀ ಮೋಜಿನ ವಿಷಯವಾಗಿರಲಿಲ್ಲ. ಅಲ್ಲಿಂದ ಬಂದ ಮೇಲೆ ‘ನಾವೂ ಹೋಗಬೇಕು, ಹೇಗೆ ಮಾಡಿದಿರಿ’ ಎಂದು ಕೇಳಿದವರು ಹಲವರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಡ್ಯೂಟಿ, ಆಮೇಲೆ ಊರು

ಐಸ್‌ಲ್ಯಾಂಡ್ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ, ಅಂದರೆ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಅಲ್ಲ. ಇಡೀ ದ್ವೀಪವನ್ನು ಬಳಸಿ ಬರುವ ಒಂದೇ ಹೆದ್ದಾರಿಯಿದೆ, ಒಂದನೇ ನಂಬರಿನ ರಿಂಗ್ ರೋಡ್. ಉದ್ದ ಸುಮಾರು 1,320 ಕಿ.ಮೀ. ಬೆಂಗಳೂರಿನಿಂದ ಬೀದರಿಗೆ ಹೋಗಿ ವಾಪಸು ಬಂದಷ್ಟು ದೂರ. ‘ಏಳು ದಿನದಲ್ಲಿ ಇಡೀ ಐಸ್‌ಲ್ಯಾಂಡ್’ ಎಂಬ ಪಟ್ಟಿಗಳು ಎಲ್ಲೆಡೆ ಓಡಾಡುತ್ತಿರುತ್ತವೆ. ನಮ್ಮ ಕೈಗೂ ಸ್ನೇಹಿತರಿಂದ ಅಂಥದೊಂದು ಬಂತು. ಅದನ್ನು ಜನವರಿಯಲ್ಲಿ ಹಾಸನಕ್ಕೆ ಕಳಿಸಿ, ವಿಡಿಯೊ ಕರೆಯಲ್ಲಿ ಅಪ್ಪನ ಅಭಿಪ್ರಾಯ ಕೇಳಿದೆವು.

ಅಪ್ಪನನ್ನು ಕೇಳುವುದಕ್ಕೆ ಕಾರಣವಿದೆ. ಅವರು ಮೂವತ್ತೆರಡು ವರ್ಷ ಸಾರಿಗೆ ಸಂಸ್ಥೆಯ ಕೆಂಪು ಬಸ್ ಓಡಿಸಿದವರು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು. ಮಳೆಗಾಲದಲ್ಲಿ ಮಣ್ಣು ಕುಸಿದ ರಸ್ತೆಯಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ಕಾದವರು. ಪಟ್ಟಿ ಓದಿ ಅವರು ಹೇಳಿದ್ದು ಇಷ್ಟೇ: ‘ನೋಡ್ರಪ್ಪಾ, ಊರು ಆಮೇಲೆ ಬರ್ಕೊಳ್ಳಿ. ಡ್ರೈವರ್‌ಗೆ ದಿನಕ್ಕೆ ಎಷ್ಟು ಗಂಟೆ ಡ್ಯೂಟಿ ಅಂತ ಮೊದಲು ಬರೀರಿ. ಆ ಗಂಟೇಲಿ ಎಷ್ಟು ಊರು ಬಂದ್ರೆ ಅಷ್ಟೇ ಊರು.’

ಲೆಕ್ಕಪತ್ರ ನೋಡುವುದೇ ನಮ್ಮ ಕಸುಬು. ಖರ್ಚಿನ ಪಟ್ಟಿಯನ್ನು ಹತ್ತು ಕಡೆಯಿಂದ ಪರಿಶೀಲಿಸುವ ಅಭ್ಯಾಸ ಇದೆ. ಆದರೆ ಒಂದು ಪ್ರವಾಸದ ಮುಖ್ಯ ಬಂಡವಾಳ ಚಾಲಕನ ಎಚ್ಚರ, ಉಳಿದದ್ದೆಲ್ಲ ಅದರ ಮೇಲೆ ನಿಂತದ್ದು ಎಂಬ ದೃಷ್ಟಿ ಅಪ್ಪನದು. ಅದನ್ನು ಹಿಡಿದು ಲೆಕ್ಕ ಹಾಕಿದೆವು. ಏಳು ದಿನದ ಪಟ್ಟಿಯಲ್ಲಿ ವಿಮಾನ ನಿಲ್ದಾಣದ ಓಡಾಟ, ಅಕ್ಕಪಕ್ಕದ ಜಲಪಾತಗಳ ಸುತ್ತು ಎಲ್ಲ ಸೇರಿದರೆ ದಿನಕ್ಕೆ ಸರಾಸರಿ 250 ಕಿ.ಮೀ. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ 50. ನಿಲ್ಲುತ್ತ, ಇಳಿಯುತ್ತ ಹೋದರೆ ದಿನದ ಐದಾರು ಗಂಟೆ ಕಾರಿನಲ್ಲೇ ಕಳೆಯುತ್ತದೆ. ಅಮ್ಮನ ಮಂಡಿಗೆ ಅದು ಆಗದ ಮಾತು.

ಕೊನೆಗೆ ಗೊತ್ತಾದದ್ದು ಹೀಗೆ. ದಿನಕ್ಕೆ ಸ್ಟೀರಿಂಗ್ ಹಿಂದೆ ಮೂರು ಗಂಟೆ, ಒಂದು ದಿನ ಮಾತ್ರ ಮೂರೂವರೆ. ಒಂದೂವರೆ ಗಂಟೆಗೊಮ್ಮೆ ಶೌಚಾಲಯವಿರುವ ಕಡೆ ನಿಲುಗಡೆ. ಹತ್ತು ರಾತ್ರಿ. ಉತ್ತರ, ಪೂರ್ವ ಭಾಗಗಳನ್ನು ಪೂರ್ತಿ ಬಿಟ್ಟು ದಕ್ಷಿಣ ಕರಾವಳಿ ಮತ್ತು ಪಶ್ಚಿಮದ ಒಂದು ತುಣುಕು. ಒಟ್ಟು ಸುಮಾರು 1,400 ಕಿ.ಮೀ. ಜೊತೆಗೆ ನಡುವೆ ಒಂದು ಖಾಲಿ ದಿನ. ಆ ದಿನಕ್ಕೆ ಯಾವ ಊರಿನ ಹೆಸರನ್ನೂ ಬರೆಯಬಾರದು ಎಂಬುದು ಅಪ್ಪನ ಷರತ್ತು. ನಮ್ಮ ಭಾಷೆಯಲ್ಲಿ ಅದು ಮೀಸಲು ನಿಧಿ. ಬರಬಹುದಾದ ನಷ್ಟಕ್ಕೆ ಮೊದಲೇ ತೆಗೆದಿಟ್ಟ ಮೊತ್ತ.

ಬೀಡು ಬಿಟ್ಟ ಕಡೆಗಳು ಇವು: ಸೆಲ್ಫೋಸ್ ಹತ್ತಿರ ಮೂರು ರಾತ್ರಿ, ವೀಕ್ ಹಳ್ಳಿಯ ಬಳಿ ಎರಡು, ಕ್ಲೌಸ್ತುರ್ ಎಂದು ಸ್ಥಳೀಯರು ಮೊಟಕುಮಾಡಿ ಕರೆಯುವ ಊರಿನಲ್ಲಿ ಎರಡು, ರಾಜಧಾನಿ ರೇಕ್ಯಾವಿಕ್‌ನಲ್ಲಿ ಒಂದು, ಪಶ್ಚಿಮದ ಬೋರ್ಗಾರ್‌ನೆಸ್‌ನಲ್ಲಿ ಎರಡು. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ಇದರಿಂದ ತಪ್ಪಿತು.

ಎರಡು ದೇಶ, ಎರಡು ವೀಸಾ

ಊರಿನಲ್ಲಿರುವ ಹಿರಿಯರು ಗಮನಿಸಬೇಕಾದ ಮುಖ್ಯ ವಿಷಯ ಇದು. ಐಸ್‌ಲ್ಯಾಂಡ್ ಷೆಂಗೆನ್ ಒಕ್ಕೂಟದ ದೇಶ, ಬ್ರಿಟನ್ ಅಲ್ಲ. ಮಕ್ಕಳನ್ನು ನೋಡಲು ಬ್ರಿಟನ್ ವೀಸಾದ ಮೇಲೆ ಬಂದವರು ಅದೇ ವೀಸಾದಲ್ಲಿ ಐಸ್‌ಲ್ಯಾಂಡ್‌ಗೆ ಹೋಗಲಾಗದು. ಷೆಂಗೆನ್ ವೀಸಾವನ್ನು ಸಾಮಾನ್ಯವಾಗಿ ತಾವು ವಾಸಿಸುವ ದೇಶದಿಂದಲೇ ಪಡೆಯಬೇಕು. ‘ಬನ್ನಿ, ಇಲ್ಲಿಂದಲೇ ಮಾಡಿಸೋಣ’ ಎಂದು ಕರೆಸಿಕೊಂಡರೆ ಕೆಲಸ ಕೆಡುತ್ತದೆ.

ಹಾಗಾಗಿ ಅಪ್ಪ-ಅಮ್ಮನಿಗೆ ಮೊದಲು ಬ್ರಿಟನ್ ವೀಸಾ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಷೆಂಗೆನ್. ಎರಡು ಸಲವೂ ಹಾಸನದಿಂದ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ಫೆಬ್ರವರಿಯಲ್ಲಿ ಶುರುಮಾಡಿದ್ದರಿಂದ ಆತುರವಾಗಲಿಲ್ಲ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು ಎಂಬ ನಿಯಮವಿದೆ, ಆದರೆ ಬೇಸಿಗೆಯಲ್ಲಿ ಅಷ್ಟನ್ನೇ ನಂಬಿ ಕೂರಬಾರದು. ನಮ್ಮ ಅರ್ಜಿಯ ವೇಳೆಗೆ ಶುಲ್ಕ 80 ಯೂರೋ ಇತ್ತು. 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೋ ಆಗಿದೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹಿರಿಯರಿಗೆ ವಿಮೆ ಮಾಡಿಸುವಾಗ ಬಿಪಿ, ಶುಗರ್‌ನಂಥ ಮೊದಲಿನಿಂದಲೂ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ. ಪ್ರೀಮಿಯಂ ಸ್ವಲ್ಪ ಏರಬಹುದು. ಬರೆಸದಿದ್ದರೆ ಬೇಕಾದ ದಿನ ವಿಮೆಯ ಕಾಗದ ಉಪಯೋಗಕ್ಕೆ ಬರುವುದಿಲ್ಲ.

ವಾಪಸು ಬರುವಾಗ ಅವರು ಬ್ರಿಟನ್ನಿಗೆ ಎರಡನೇ ಸಲ ಪ್ರವೇಶಿಸುತ್ತಾರೆ. ವೀಸಾದಲ್ಲಿ ಹಲವು ಪ್ರವೇಶಕ್ಕೆ ಅವಕಾಶವಿದೆಯೇ ಎಂದು ನೋಡಿಕೊಳ್ಳಿ. ನಾವಿಬ್ಬರೂ ಭಾರತದ ಪಾಸ್‌ಪೋರ್ಟಿನವರು, ನಮ್ಮ ಷೆಂಗೆನ್ ಅರ್ಜಿ ಇಲ್ಲಿಂದ ಹೋಯಿತು. ಬ್ರಿಟಿಷ್ ಪಾಸ್‌ಪೋರ್ಟಿರುವ ಮಕ್ಕಳಿಗೆ ವೀಸಾ ಬೇಕಾಗಲಿಲ್ಲ. ವೀಸಾ ಬರುವ ತನಕ ನಮ್ಮ ವಾಸ್ತವ್ಯವೆಲ್ಲ ಹಣ ಕಳೆಯದೆ ರದ್ದುಮಾಡಬಹುದಾದ ಬುಕಿಂಗ್‌ಗಳೇ ಆಗಿದ್ದವು.

ಕಾರು: ಬಾಡಿಗೆಗಿಂತ ಕರಾರು ಮುಖ್ಯ

ಆರು ಜನರೆಂದರೆ ಏಳು ಸೀಟಿನ ಕಾರು ಸಾಕು ಅನ್ನಿಸುತ್ತದೆ. ಆದರೆ ಮೂರನೇ ಸಾಲಿನ ಸೀಟು ಬಿಚ್ಚಿದರೆ ಹಿಂದೆ ಒಂದು ಕೈಚೀಲ ಇಡಲೂ ಜಾಗವಿರುವುದಿಲ್ಲ. ಎರಡು ಚಿಕ್ಕ ಕಾರು, ಒಂದು ಒಂಬತ್ತು ಸೀಟಿನ ವ್ಯಾನ್, ಎರಡನ್ನೂ ಹೋಲಿಸಿದೆವು. ಎರಡು ಕಾರಾದರೆ ಇಬ್ಬರೂ ಇಡೀ ದಿನ ಓಡಿಸಬೇಕು, ಬದಲಿ ಚಾಲಕರಿಲ್ಲ. ಅಪ್ಪನ ನಿಯಮಕ್ಕೆ ಅದು ಒಗ್ಗಲಿಲ್ಲ. ಹೀಗಾಗಿ ವ್ಯಾನನ್ನೇ ಪಡೆದು ಇಬ್ಬರ ಹೆಸರನ್ನೂ ಚಾಲಕರಾಗಿ ಬರೆಸಿದೆವು. ಮಗನಿಗೆ ಮಕ್ಕಳ ಆಸನವನ್ನು ಮೊದಲೇ ಹೇಳಿಟ್ಟಿದ್ದೆವು.

ಫೋರ್ ವೀಲ್ ಡ್ರೈವ್ ಬೇಕೇ? ನೀವು ಬೇಸಿಗೆಯಲ್ಲಿ ರಿಂಗ್ ರೋಡ್ ಬಿಟ್ಟು ಒಳನಾಡಿಗೆ ಹೋಗದಿದ್ದರೆ ಬೇಡ. ಒಳನಾಡಿನ ಮಲೆಗಳಿಗೆ ಹೋಗುವ ರಸ್ತೆಗಳ ನಂಬರಿನ ಮೊದಲು ‘ಎಫ್’ ಅಕ್ಷರವಿರುತ್ತದೆ. ಅವು ಜೂನ್ ಕೊನೆ ಅಥವಾ ಜುಲೈನಲ್ಲಿ ತೆರೆಯುತ್ತವೆ. ಅಲ್ಲಿ ಫೋರ್ ವೀಲ್ ಡ್ರೈವ್ ಕಡ್ಡಾಯ, ಕೆಲವು ಕಡೆ ಸೇತುವೆಯೇ ಇಲ್ಲದ ಹೊಳೆ ದಾಟಬೇಕು. ಹೊಳೆಯಲ್ಲಿ ಎಂಜಿನ್ನಿಗೆ ನೀರು ಹೋದರೆ ಸಾಮಾನ್ಯವಾಗಿ ಯಾವ ಬಾಡಿಗೆ ವಿಮೆಯೂ ಕೊಡುವುದಿಲ್ಲ. ಎಫ್ ರಸ್ತೆಗಳು ನಮ್ಮ ಪಟ್ಟಿಯಲ್ಲಿರಲಿಲ್ಲ.

ಕರಾರಿನ ಸಣ್ಣ ಅಕ್ಷರಗಳನ್ನು ಓದುವಾಗ ನಮ್ಮ ವೃತ್ತಿ ಉಪಯೋಗಕ್ಕೆ ಬಂತು. ಮೂಲ ವಿಮೆ ಬಾಡಿಗೆಯಲ್ಲೇ ಸೇರಿರುತ್ತದೆ, ಆದರೆ ಮೊದಲ ಒಂದಷ್ಟು ನಷ್ಟ ನಮ್ಮದೇ. ಜಲ್ಲಿ ಹಾರಿ ಗಾಜು ಒಡೆದರೆ ಒಂದು ವಿಮೆ, ಮರಳು-ಬೂದಿ ಬೀಸಿ ಬಣ್ಣ ಕಿತ್ತರೆ ಇನ್ನೊಂದು. ಗಾಳಿಯ ರಭಸಕ್ಕೆ ಬಾಗಿಲು ಹಿಂದಕ್ಕೆ ಮುರಿದರೆ ಬಹುತೇಕ ಕರಾರುಗಳಲ್ಲಿ ಅದಕ್ಕೆ ಪರಿಹಾರವಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಈ ಬಗೆಯ ಹಾನಿ ಅಪರೂಪವೂ ಅಲ್ಲ. ಆದ್ದರಿಂದ ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಬೇಕು, ಒಂದು ಕೈಯಲ್ಲಿ ಬಾಗಿಲು ಗಟ್ಟಿಯಾಗಿ ಹಿಡಿದು ಇನ್ನೊಂದರಿಂದ ತೆರೆಯಬೇಕು. ಮಕ್ಕಳು ತಾವಾಗಿ ಬಾಗಿಲು ತೆರೆಯುವಂತಿಲ್ಲ ಎಂಬುದು ನಮ್ಮ ವ್ಯಾನಿನ ಕಾನೂನಾಗಿತ್ತು.

ಠೇವಣಿ ಮೊತ್ತವನ್ನು ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ ಹಿಡಿಯುತ್ತಾರೆ. ಗಾಡಿ ಪಡೆಯುವಾಗ ನಾಲ್ಕೂ ಬದಿ, ಚಕ್ರ, ಗಾಜುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಬಲಬದಿಯ ಓಟ, ಒಂಟಿ ಸೇತುವೆಗಳು

ಬ್ರಿಟನ್, ಭಾರತ ಎರಡರಲ್ಲೂ ಎಡಕ್ಕೆ ಓಡಿಸಿ ರೂಢಿಯಾದ ನಮಗೆ ಅಲ್ಲಿ ಬಲಬದಿ. ಮೊದಲ ದಿನ ವಿಮಾನ ನಿಲ್ದಾಣದಿಂದ ಸೆಲ್ಫೋಸ್‌ಗೆ ಸುಮಾರು 100 ಕಿ.ಮೀ. ಮಾತ್ರ ಇಟ್ಟುಕೊಂಡಿದ್ದು ಅದಕ್ಕೇ. ಹಗಲಾಗಲಿ ರಾತ್ರಿಯಾಗಲಿ ಹೆಡ್‌ಲೈಟ್ ಉರಿಯುತ್ತಲೇ ಇರಬೇಕು. ಎರಡು ಪಥದ ವೃತ್ತಗಳಲ್ಲಿ ಒಳಗಿನ ಪಥದವರು ಹೊರಬರುವಾಗ ಅವರಿಗೇ ಆದ್ಯತೆ, ಇದು ಬ್ರಿಟನ್ನಿನವರಿಗೆ ಹೊಸದು. ರಸ್ತೆ ಬಿಟ್ಟು ಹುಲ್ಲಿನ ಮೇಲೋ ಮರಳಿನ ಮೇಲೋ ಗಾಡಿ ಇಳಿಸುವುದು ಅಪರಾಧ. ಅಲ್ಲಿನ ಪಾಚಿ ಒಮ್ಮೆ ಕಿತ್ತರೆ ಮತ್ತೆ ಬೆಳೆಯಲು ದಶಕಗಳೇ ಬೇಕು.

ಅಪ್ಪ ಮುಂದಿನ ಸೀಟಿನಲ್ಲಿ ಕೂತು ಹೆಚ್ಚು ಮೆಚ್ಚಿದ್ದು ಒಂಟಿ ಪಥದ ಸೇತುವೆಗಳನ್ನು. ದಕ್ಷಿಣ ಕರಾವಳಿಯಲ್ಲಿ ಇಂಥವು ಇನ್ನೂ ಇವೆ. ಯಾರು ಸೇತುವೆಗೆ ಹತ್ತಿರವಿದ್ದಾರೋ ಅವರು ಮೊದಲು, ಉಳಿದವರು ಕಾಯಬೇಕು. ಹಾರ್ನ್ ಇಲ್ಲ, ಲೈಟು ಮಿಟುಕಿಸುವ ಜಗಳವಿಲ್ಲ. ‘ಘಾಟೀಲಿ ಏರ್ತಾ ಬರೋ ಗಾಡಿಗೆ ನಾವು ದಾರಿ ಬಿಡ್ತಿರ್ಲಿಲ್ವಾ, ಹಂಗೇ ಇದು. ನಿಯಮ ಒಂದೇ, ಪಾಲಿಸೋರು ಬೇಕು’ ಎಂದರು.

ಬೇಸಿಗೆಯಲ್ಲಿ ಕುರಿಗಳನ್ನು ಬಯಲಿಗೆ ಬಿಟ್ಟಿರುತ್ತಾರೆ. ತಾಯಿ ರಸ್ತೆಯ ಒಂದು ಕಡೆ, ಮರಿ ಇನ್ನೊಂದು ಕಡೆ ಕಂಡರೆ ವೇಗ ಇಳಿಸಲೇಬೇಕು, ಗಾಡಿ ಹತ್ತಿರ ಬರುತ್ತಿದ್ದಂತೆ ಮರಿ ತಾಯಿಯ ಕಡೆಗೆ ಓಡುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ಬಹಳಷ್ಟು ಕಡೆ ಮನುಷ್ಯರೇ ಇರುವುದಿಲ್ಲ. ಪಿನ್ ಇರುವ ಕಾರ್ಡ್ ಬೇಕು. ಅರ್ಧ ಟ್ಯಾಂಕ್ ಆಗುತ್ತಿದ್ದಂತೆ ತುಂಬಿಸುತ್ತಿದ್ದೆವು, ಅಲ್ಲೇ ಶೌಚಾಲಯವೂ ಸಿಗುತ್ತಿತ್ತು. ನಡುದಾರಿಯಲ್ಲಿ ಶೌಚಾಲಯಗಳು ದೂರ ದೂರ. ಹಿರಿಯರಿದ್ದರೆ ಈ ಪಟ್ಟಿಯನ್ನು ಜಲಪಾತಗಳ ಪಟ್ಟಿಗಿಂತ ಮೊದಲು ಮಾಡಿಕೊಳ್ಳಿ.

ಹಾಸನದಿಂದ ಬಂದ ಫೋನುಗಳು

ನಾವು ಯೋಜನೆ ಹಾಕುತ್ತಿದ್ದ ತಿಂಗಳುಗಳಲ್ಲೇ ಐಸ್‌ಲ್ಯಾಂಡ್ ಟಿವಿಯಲ್ಲಿ ಉರಿಯುತ್ತಿತ್ತು. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಿದ್ದರು. 2024ರ ಜನವರಿಯಲ್ಲಿ ಲಾವಾ ಆ ಊರಿನ ಮನೆಗಳನ್ನು ಮುಟ್ಟಿತು. ‘ಬೆಂಕಿ ಉಗುಳೋ ಊರಿಗೆ ವಯಸ್ಸಾದೋರನ್ನ ಕರ್ಕೊಂಡು ಹೋಗ್ತೀರಾ’ ಎಂದು ಚಿಕ್ಕಪ್ಪ, ಸೋದರತ್ತೆ ಎಲ್ಲರಿಂದಲೂ ಫೋನು.

ಅವರ ಭಯಕ್ಕೆ ನಕ್ಕು ಸುಮ್ಮನಾಗುವುದು ಸರಿಯಲ್ಲ ಅನ್ನಿಸಿ ವಿವರ ಕೂಡಿಸಿದೆವು. ಈ ಸ್ಫೋಟಗಳು ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ನೆಲ ಸೀಳಿ ಲಾವಾ ಹರಿಯುವ ಬಗೆಯವು. 2010ರಲ್ಲಿ ಎಯಾಫ್ಯಾಟ್ಲಯೋಕುಲ್ ಬೂದಿ ಎಬ್ಬಿಸಿ ಯುರೋಪಿನ ವಿಮಾನಗಳನ್ನೆಲ್ಲ ದಿನಗಟ್ಟಲೆ ನಿಲ್ಲಿಸಿತ್ತಲ್ಲ, ಆ ಬಗೆಯವಲ್ಲ. ಗ್ರಿಂಡಾವಿಕ್ ಕಡೆಯ ರಸ್ತೆ ನಮ್ಮ ದಾರಿಯಲ್ಲಿ ಇರಲಿಲ್ಲ. ಆದರೂ ಪ್ರಯಾಣ ವಿಮೆಯಲ್ಲಿ ಜ್ವಾಲಾಮುಖಿಯಿಂದಾಗುವ ರದ್ದತಿಗೆ ಪರಿಹಾರವಿದೆಯೇ ಎಂದು ನೋಡಿಯೇ ವಿಮೆ ಕೊಂಡೆವು. ನಮ್ಮ ದಾರಿಯ ವಿವರವನ್ನು ಸೇಫ್‌ಟ್ರಾವೆಲ್ ಎಂಬ ಅಲ್ಲಿನ ಸುರಕ್ಷತಾ ತಾಣದಲ್ಲಿ ದಾಖಲಿಸಿ, ಅದರ ಪ್ರತಿಯೊಂದನ್ನು ಹಾಸನಕ್ಕೂ ಕಳಿಸಿದೆವು. ಯಾವ ರಾತ್ರಿ ಎಲ್ಲಿ, ಯಾವ ಫೋನ್ ನಂಬರು ಎಂಬುದು ಮನೆಯವರ ಕೈಯಲ್ಲಿತ್ತು. ಅಂದಿನಿಂದ ಫೋನು ಕಡಿಮೆಯಾಯಿತು.

ಖಾಲಿ ದಿನ ಕೆಲಸಕ್ಕೆ ಬಂದಾಗ

ಮೊದಲ ಮೂರು ದಿನ ಸೆಲ್ಫೋಸ್ ಸುತ್ತಮುತ್ತ. ಕ್ರಿ.ಶ. 930ರಿಂದ ಐಸ್‌ಲ್ಯಾಂಡ್ ಜನ ಸಭೆ ಸೇರಿ ಕಾನೂನು ಮಾಡುತ್ತಿದ್ದ ಥಿಂಗ್‌ವೆಟ್ಲಿರ್ ಕಣಿವೆ, ಐದು-ಹತ್ತು ನಿಮಿಷಕ್ಕೊಮ್ಮೆ ಚಿಮ್ಮುವ ಸ್ಟ್ರೋಕ್ಕುರ್ ಬಿಸಿನೀರಿನ ಬುಗ್ಗೆ, ಗುಲ್‌ಫೋಸ್ ಜಲಪಾತ. ಗುಲ್‌ಫೋಸ್ ಎರಡು ಹಂತ ಸೇರಿ 32 ಮೀಟರ್. ಅಮ್ಮ ನೋಡಿ, ‘ನೀರು ಬಹಳ ಇದೆ. ಆದ್ರೆ ನಮ್ಮ ಜೋಗದ ಮುಂದೆ ಇದೇನು ಎತ್ತರ’ ಎಂದು ತೀರ್ಪು ಕೊಟ್ಟರು.

ಜುಲೈ 27ರಂದು ಸುದ್ದಿ ಬಂತು. ಮಿರ್‌ಡಾಲ್ಸ್‌ಯೋಕುಲ್ ಹಿಮನದಿಯ ಅಡಿಯಿಂದ ಒಮ್ಮೆಲೇ ನೀರು ನುಗ್ಗಿ, ಸ್ಕಾಲ್ಮ್ ಹೊಳೆ ಉಕ್ಕಿ, ವೀಕ್‌ಗೂ ಕ್ಲೌಸ್ತುರ್‌ಗೂ ನಡುವೆ ರಿಂಗ್ ರೋಡ್ ಮುಚ್ಚಿದೆ. ದಕ್ಷಿಣದಲ್ಲಿ ಪೂರ್ವಕ್ಕೆ ಹೋಗಲು ನಮ್ಮಂಥ ವ್ಯಾನುಗಳಿಗೆ ಇರುವುದೇ ಆ ಒಂದು ರಸ್ತೆ. ಅದು ಮುಚ್ಚಿದರೆ ಇಡೀ ದ್ವೀಪವನ್ನು ಉತ್ತರದಿಂದ ಸುತ್ತಿಕೊಂಡು ಬರಬೇಕು.

28ರಂದು ನಾವು ಮುಚ್ಚಿದ ಜಾಗದ ಈಚೆಗಿರುವ ವೀಕ್‌ಗೆ ಬಂದೆವು. ನಮ್ಮ ಪಟ್ಟಿಯಲ್ಲಿ 29 ಖಾಲಿ ದಿನ. ಅದೇ ವಸತಿಯಲ್ಲಿದ್ದ ಇನ್ನೊಂದು ಕುಟುಂಬ ಏಳು ದಿನದ ಸುತ್ತಿಗೆ ಹೊರಟವರು. ಪೂರ್ವದ ಊರುಗಳಲ್ಲಿ ಹಣ ಕಟ್ಟಿದ ಬುಕಿಂಗ್‌ಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಬೆಳಗಿನಿಂದ ಆ ಮನೆಯ ಯಜಮಾನರು ಫೋನಿನಲ್ಲೇ ಇದ್ದರು, ಮಕ್ಕಳು ಕಾರಿನಲ್ಲಿ ಕೂತೇ ಇದ್ದರು. ನಾವು ಆ ದಿನ ಚಿತ್ರಾನ್ನ ಮಾಡಿಕೊಂಡು ಉಂಡು, ಊರಿನ ಈಜುಕೊಳದ ಬಿಸಿನೀರಿನಲ್ಲಿ ಮಕ್ಕಳನ್ನು ಆಡಿಸಿದೆವು. ಅಮ್ಮ ಕಾಲು ಚಾಚಿ ಮಲಗಿದರು. ದುರಸ್ತಿ ಮಾಡಿ ರಸ್ತೆ ತೆರೆದರು, 30ರಂದು ನಾವು ನಮ್ಮ ಪಟ್ಟಿಯ ಪ್ರಕಾರವೇ ದಾಟಿದೆವು. ಒಂದು ಬುಕಿಂಗ್ ಕೂಡ ಬದಲಾಗಲಿಲ್ಲ.

ಮರುದಿನ ಕ್ಲೌಸ್ತುರ್‌ನಿಂದ ಯೋಕುಲ್ಸಾರ್ಲೋನ್‌ಗೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. ನಡುವೆ ಸ್ಕಾಫ್ಟಾಫೆಟ್ಲ್ ಹತ್ತಿರ ರಸ್ತೆ ಬದಿಯಲ್ಲಿ ತಿರುಚಿಕೊಂಡ ಉಕ್ಕಿನ ತೊಲೆಗಳಿವೆ. ಈ ಬಯಲಿನ ಹೊಳೆಗಳಿಗೆ ಸೇತುವೆ ಕಟ್ಟಿ 1974ರಲ್ಲಿ ರಿಂಗ್ ರೋಡನ್ನು ಪೂರ್ತಿ ಮಾಡಿದರು. 1996ರಲ್ಲಿ ವಾತ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದು, ಕರಗಿದ ನೀರು ಮನೆಗಾತ್ರದ ಮಂಜುಗಡ್ಡೆಗಳ ಸಮೇತ ನುಗ್ಗಿ ಸೇತುವೆಯನ್ನು ಕಿತ್ತುಹಾಕಿತು. ಉಳಿದ ತೊಲೆಗಳನ್ನು ನೆನಪಿಗೆಂದು ಅಲ್ಲೇ ನಿಲ್ಲಿಸಿದ್ದಾರೆ. ಅಪ್ಪ ಆ ಕಬ್ಬಿಣವನ್ನು ಸುತ್ತು ಹಾಕಿ, ಕೈಯಿಂದ ತಟ್ಟಿ, ಹತ್ತು ನಿಮಿಷ ನೋಡಿದರು. ಶಿರಾಡಿಯಲ್ಲಿ ರಸ್ತೆ ಕುಸಿದ ರಾತ್ರಿಗಳ ಕಥೆಯನ್ನು ಮೊಮ್ಮಕ್ಕಳು ಮೊದಲ ಸಲ ಕೇಳಿದ್ದು ಅಲ್ಲಿ.

ಯೋಕುಲ್ಸಾರ್ಲೋನ್ 1930ರ ದಶಕದಿಂದೀಚೆಗೆ ಹುಟ್ಟಿದ ಸರೋವರ. ಹಿಮನದಿ ಹಿಂದೆ ಸರಿಯುತ್ತ ಹೋದಂತೆ ದೊಡ್ಡದಾಗುತ್ತಿದೆ. ಮುರಿದು ಬಿದ್ದ ಮಂಜಿನ ಗುಡ್ಡಗಳು ನೀಲಿ, ಬಿಳಿ, ಜ್ವಾಲಾಮುಖಿಯ ಬೂದಿ ಬೆರೆತ ಕಪ್ಪು ಪಟ್ಟೆಗಳೊಡನೆ ತೇಲಿ, ರಸ್ತೆಯ ಸೇತುವೆಯ ಕೆಳಗಿನಿಂದ ಕಡಲಿಗೆ ಹೋಗುತ್ತವೆ. ಇದನ್ನು ನೋಡಲು ಗಾಡಿಯಿಂದ ಇಳಿದು ಹೆಚ್ಚು ನಡೆಯಬೇಕಿಲ್ಲ. ಅಮ್ಮ ಎರಡು ಗಂಟೆ ಮಡಚುವ ಕುರ್ಚಿಯಲ್ಲಿ ಕೂತು ನೋಡಿದರು. ಅವರಿಗೆ ಸುಸ್ತಾಗಿರಲಿಲ್ಲ. ನಮ್ಮ ಯೋಜನೆಯಲ್ಲಿ ನಾವು ಬಯಸಿದ್ದು ಅಷ್ಟನ್ನೇ.

ಅದೇ ಕಾರಣಕ್ಕೆ ಪ್ರತಿ ಜಾಗಕ್ಕೂ ನಡಿಗೆಯ ಲೆಕ್ಕ ಬರೆದಿದ್ದೆವು. ಸ್ಕೋಗಾಫೋಸ್ ಜಲಪಾತದ ಬುಡದ ತನಕ ಸಮತಟ್ಟು, ಮೇಲಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಮಕ್ಕಳು ಹತ್ತಿದರು, ಹಿರಿಯರು ಕೆಳಗೆ ನಿಂತರು. ಸೆಲ್ಯಾಲ್ಯಾಂಡ್ಸ್‌ಫೋಸ್‌ನ ಹಿಂಬದಿಯ ದಾರಿ ಜಾರುತ್ತದೆ, ಅಮ್ಮ ಹೋಗಲಿಲ್ಲ. ರೇನಿಸ್‌ಫ್ಯಾರಾ ಕಪ್ಪು ಮರಳಿನ ಕಡಲತೀರದಲ್ಲಿ ಮಾತ್ರ ವಯಸ್ಸಿನ ಮಾತಿಲ್ಲ, ಯಾರೂ ನೀರಿನ ಹತ್ತಿರ ಹೋಗಬಾರದು. ಶಾಂತವಾಗಿ ಕಾಣುವ ಕಡಲು ಇದ್ದಕ್ಕಿದ್ದಂತೆ ದೊಡ್ಡ ಅಲೆ ಎಬ್ಬಿಸಿ ಜನರನ್ನು ಎಳೆದುಕೊಂಡು ಹೋದದ್ದಿದೆ. ಅಲ್ಲಿ ಹಾಕಿರುವ ಎಚ್ಚರಿಕೆಯ ದೀಪ ನೋಡಿಯೇ ಹೆಜ್ಜೆ ಇಡಿ.

ಊಟ, ದೀಪ, ದುಡ್ಡು

ಹೋಟೆಲಿನಲ್ಲಿ ಒಬ್ಬರ ಸಾಧಾರಣ ಊಟಕ್ಕೆ ಮೂರು-ನಾಲ್ಕು ಸಾವಿರ ಕ್ರೋನಾ. ನಾವು ಹೋದಾಗ ಸಾವಿರ ಕ್ರೋನಾ ಎಂದರೆ ಐದೂವರೆ ಪೌಂಡಿಗೂ ಸ್ವಲ್ಪ ಹೆಚ್ಚು. ಆರು ಜನ, ಅದರಲ್ಲಿ ನಾಲ್ವರು ಅಪ್ಪಟ ಸಸ್ಯಾಹಾರಿಗಳು. ಹಾಗಾಗಿ ಅಡುಗೆಮನೆಯಿರುವ ವಸತಿಗಳನ್ನೇ ಹಿಡಿದೆವು. ಮೂರು ಲೀಟರಿನ ಕುಕ್ಕರ್, ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ಪೆಟ್ಟಿಗೆಯಲ್ಲಿದ್ದವು. ಬ್ರಿಟನ್ನಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ಅಮ್ಮ ಕಾಯಿಸಿಟ್ಟಿದ್ದ ತುಪ್ಪ ಮನೆಯಲ್ಲೇ ಉಳಿಯಿತು. ಅಕ್ಕಿ, ಮೊಸರು, ತರಕಾರಿ ಬೋನಸ್, ಕ್ರೋನನ್ ಅಂಗಡಿಗಳಲ್ಲಿ ಸಿಗುತ್ತವೆ. ದಾರಿಯಲ್ಲಿ ಅಂಗಡಿ ಕಡಿಮೆ, ದೊಡ್ಡ ಊರಿನಲ್ಲೇ ತುಂಬಿಕೊಳ್ಳಿ. ನಲ್ಲಿಯ ತಣ್ಣೀರು ನೇರ ಕುಡಿಯಬಹುದು. ಬಿಸಿನೀರಿಗೆ ಕೆಲವು ಕಡೆ ಗಂಧಕದ ವಾಸನೆ ಇರುತ್ತದೆ, ಗಾಬರಿ ಬೇಡ.

ಜುಲೈ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಸುಮಾರಿಗೆ. ಆಮೇಲೂ ಪೂರ್ತಿ ಕತ್ತಲಾಗದು. ಸಂಜೆ ದೀಪ ಹಚ್ಚುವುದು ಯಾವಾಗ ಎಂಬುದು ಅಮ್ಮನ ಚಿಂತೆ. ಬಾಡಿಗೆ ಮನೆಯಲ್ಲಿ ಬೆಂಕಿ ಹಚ್ಚುವಂತೆಯೂ ಇರಲಿಲ್ಲ. ಗಡಿಯಾರ ನೋಡಿ ಏಳು ಗಂಟೆಗೆ ಬ್ಯಾಟರಿ ದೀಪವಿಟ್ಟು ಕೈಮುಗಿದರು. ಮಲಗಲು ಕಣ್ಣಿಗೆ ಕಟ್ಟುವ ಪಟ್ಟಿ ಎಲ್ಲರಿಗೂ ಬೇಕು.

ಖರ್ಚಿನಲ್ಲಿ ಮೊದಲ ಸ್ಥಾನ ವಾಸ್ತವ್ಯಕ್ಕೆ, ಒಟ್ಟು ಮೊತ್ತದ ಮೂರರಲ್ಲೊಂದು ಭಾಗ. ಎರಡನೆಯದು ವ್ಯಾನಿನ ಬಾಡಿಗೆ ಮತ್ತು ವಿಮೆ. ಮೂರನೆಯದು ವಿಮಾನ. ಇವು ಮೂರನ್ನೂ ಎಷ್ಟು ಬೇಗ ಬುಕ್ ಮಾಡಿದರೆ ಅಷ್ಟು ಅಗ್ಗ. ಡೀಸೆಲ್ ಲೆಕ್ಕ ಸುಲಭ: 1,400 ಕಿ.ಮೀ.ಗೆ ನೂರಕ್ಕೆ ಒಂಬತ್ತು ಲೀಟರಿನಂತೆ 126 ಲೀಟರ್, 2024ರ ದರದಲ್ಲಿ ಲೀಟರಿಗೆ 310 ಕ್ರೋನಾ ಹಿಡಿದರೆ 39,000 ಕ್ರೋನಾ, ಅಂದರೆ ಆಗ ಸುಮಾರು 220 ಪೌಂಡ್ ಆಗುತ್ತಿತ್ತು. ಹೆಚ್ಚಿನ ಜಲಪಾತಗಳಿಗೆ ಪ್ರವೇಶ ಶುಲ್ಕವಿಲ್ಲ, ವಾಹನ ನಿಲುಗಡೆಗೆ ಮಾತ್ರ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಆ ದಿನವೇ ಆ್ಯಪ್‌ನಲ್ಲಿ ಕಟ್ಟಿಬಿಡಿ. ನಗದು ಒಂದು ಕ್ರೋನಾ ಕೂಡ ನಮಗೆ ಬೇಕಾಗಲಿಲ್ಲ.

ಆಗಸ್ಟ್ ತಿಂಗಳ ಮೊದಲ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ಅದರ ಹಿಂದಿನ ಶನಿವಾರ, ಭಾನುವಾರ ಊರಿನವರೆಲ್ಲ ರಸ್ತೆಗಿಳಿಯುತ್ತಾರೆ. ಕೊನೆಯ ದಿನಗಳನ್ನು ನಾವು ಬೋರ್ಗಾರ್‌ನೆಸ್‌ನಲ್ಲಿ ಓಡಾಟ ಕಡಿಮೆಮಾಡಿ ಕಳೆದೆವು. ಹತ್ತಿರದ ಡೈಲ್ಡಾರ್ತುಂಗುಕ್ವೇರ್ ಎಂಬ ಬುಗ್ಗೆಯಿಂದ ಸೆಕೆಂಡಿಗೆ 180 ಲೀಟರ್ ಕುದಿನೀರು ಬರುತ್ತದೆ. ಅದನ್ನೇ ಕೊಳವೆಯಲ್ಲಿ ಬೋರ್ಗಾರ್‌ನೆಸ್‌ಗೆ ತಂದು ಮನೆ ಬೆಚ್ಚಗಿಡುತ್ತಾರೆ. ‘ಸೌದೆ ಇಲ್ಲ, ಗ್ಯಾಸ್ ಇಲ್ಲ, ಸ್ನಾನಕ್ಕೆ ನೀರು ರೆಡಿ’ ಎಂದು ಅಮ್ಮ ಹಾಸನಕ್ಕೆ ಫೋನಿನಲ್ಲಿ ವರದಿ ಮಾಡಿದ್ದೂ ಮಾಡಿದ್ದೇ.

ಉತ್ತರದ ಅಕುರೇರಿ, ತಿಮಿಂಗಿಲ ಕಾಣುವ ಹುಸಾವಿಕ್, ಡೆಟ್ಟಿಫೋಸ್ ಇವನ್ನು ನಾವು ನೋಡಲಿಲ್ಲ. ಅವು ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ದೊಡ್ಡವರಾದ ಮೇಲೆ ನೋಡಿಯಾರು. ಹಿರಿಯರ ಜೊತೆಗಿನ ರಜೆಗೆ ಆ ಅನುಕೂಲವಿಲ್ಲ. ಹಾಗಾಗಿ ನಿಮ್ಮ ಪಟ್ಟಿ ಉದ್ದವಾಗಿದ್ದರೆ ಊರಿನ ಹೆಸರುಗಳನ್ನು ಧೈರ್ಯವಾಗಿ ಹೊಡೆದುಹಾಕಿ, ಖಾಲಿ ದಿನವನ್ನು ಮಾತ್ರ ಹೊಡೆಯಬೇಡಿ.

ಹೊರಡುವ ಮುನ್ನ

* ಹಿರಿಯರ ಎರಡೂ ವೀಸಾ ಭಾರತದಲ್ಲೇ ಮುಗಿಯಲಿ. ಕನಿಷ್ಠ ನಾಲ್ಕೈದು ತಿಂಗಳು ಮೊದಲು ಶುರುಮಾಡಿ.
* ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿಡಿ. ಹಳ್ಳಿಗಳ ನಡುವೆ ಔಷಧ ಅಂಗಡಿ ಅಪರೂಪ.
* ದಿನಾ ಬೆಳಿಗ್ಗೆ ಅಲ್ಲಿನ ಹವಾಮಾನ ಇಲಾಖೆಯ ತಾಣ ಮತ್ತು ರಸ್ತೆ ಸ್ಥಿತಿಯ ತಾಣ ನೋಡಿಯೇ ಗಾಡಿ ತೆಗೆಯಿರಿ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳಿರುತ್ತವೆ.
* ತುರ್ತು ಕರೆಗೆ 112. ಇದರ ಆ್ಯಪ್ ಹಾಕಿಕೊಂಡರೆ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ.
* ಬೇಸಿಗೆಯೆಂದು ಮೋಸಹೋಗಬೇಡಿ. ಹಗಲಲ್ಲೂ ಹತ್ತು-ಹದಿಮೂರು ಡಿಗ್ರಿ. ಸ್ವೆಟರ್, ಮಳೆಕೋಟು, ಕಿವಿ ಮುಚ್ಚುವ ಟೋಪಿ ಎಲ್ಲರಿಗೂ ಬೇಕು. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ.
* ಫೋಟೊಗಾಗಿ ರಸ್ತೆಯಲ್ಲೇ ಗಾಡಿ ನಿಲ್ಲಿಸಬೇಡಿ. ನಿಲುಗಡೆಯ ಜಾಗ ಬರುವ ತನಕ ಹೋಗಿ.
* ಯಾವ ರಾತ್ರಿ ಎಲ್ಲಿ ತಂಗುತ್ತೀರಿ ಎಂಬ ಪಟ್ಟಿಯ ಒಂದು ಪ್ರತಿ ಊರಿನ ಮನೆಯಲ್ಲಿರಲಿ.